ಕೈಗೆ ಡಬ್ಬಿಂಗ್ ಇಲ್ಲ

ನಮ್ಮ ಅತ್ತೆ ತೇನಿ ಕಡೆಯ ಗೂಡಲೂರಿನಲ್ಲಿ ಯಾರನ್ನೂ ನಂಬುತ್ತಿರಲಿಲ್ಲ. ಟಿವಿಯೊಳಗಿನ ಕೊರಿಯಾದವರನ್ನಂತೂ ಮೊದಲೇ ನಂಬುತ್ತಿರಲಿಲ್ಲ.

ಹಾಲಿನವನು ಬಂದರೆ ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಡಿಸಿಕೊಂಡು, ಅದು ನಿಲ್ಲುತ್ತದೆಯೋ ಜಾರುತ್ತದೆಯೋ ನೋಡಿದ ಮೇಲೆಯೇ ಪಾತ್ರೆ ಒಡ್ಡುತ್ತಿದ್ದರು. ಗ್ಯಾಸ್ ಸಿಲಿಂಡರ್ ಬಂದರೆ ಅಲ್ಲಾಡಿಸಿ ಕಿವಿ ಇಡುತ್ತಿದ್ದರು. ತೇನಿಯ ಡಾಕ್ಟರು ಒಮ್ಮೆ ನಗುನಗುತ್ತಾ ಮಾತನಾಡಿಸಿದರೆಂದು ಅವರು ಬರೆದುಕೊಟ್ಟ ಮಾತ್ರೆಯನ್ನು ಮೊದಲ ದಿನ ಅರ್ಧ ಮುರಿದು ನುಂಗಿದರು. "ಕಾಯ್ಲೆಯೋರ ಮುಂದೆ ಯಾಕೆ ಅಷ್ಟು ನಗ್ತಾನೆ? ಏನೋ ಮರೆಸ್ತಾ ಅವ್ನೆ" ಅಂದರು.

ಅವರು ತೀರಿಕೊಂಡ ಹದಿನಾರನೆಯ ದಿನದ ಕಾರ್ಯಕ್ಕೆ ಬಂದ ನೆಂಟರೆಲ್ಲ ಊಟ ಮುಗಿಸಿ ವೀಳ್ಯ ಹಾಕಿಕೊಂಡು ಇದನ್ನೇ ಹೇಳಿ ನಕ್ಕರು. "ಸಂದೇಹದ ಮುದುಕಿ. ಆದ್ರೂ ಪಾವಂ" ಅಂದರು. ತಮಿಳಿನಲ್ಲಿ ಪಾವಂ ಅಂದರೆ ಅಯ್ಯೋ ಪಾಪ ಎಂದು. ತಲೆಮಾರುಗಳಿಂದ ತಮಿಳು ಸೀಮೆಯಲ್ಲಿರುವ ನಮ್ಮ ಮನೆಗಳ ಕನ್ನಡದಲ್ಲೂ ಈಗ ಅದೇ ಮಾತು. ಅತ್ತೆಗೆ ಸಿಟ್ಟು ಬರಿಸುತ್ತಿದ್ದ ಮಾತೂ ಅದೇ. ತಾವು ಬದುಕಿದ್ದಾಗ ಯಾರಾದರೂ ತಮಗೆ ಪಾವಂ ಅಂದಿದ್ದರೆ ಅವರ ಎಲೆಗೆ ಎರಡನೆಯ ಸಲ ಪಾಯಸ ಬೀಳುತ್ತಿರಲಿಲ್ಲ.

ಅವರು ನನಗೆ ಎರಡು ಬಗೆಯಲ್ಲಿ ಅತ್ತೆ. ಗಂಡನ ತಾಯಿ, ಅಪ್ಪನ ತಂಗಿಯೂ ಹೌದು. ನಮ್ಮವರಲ್ಲಿ ಅಣ್ಣನ ಮಗಳನ್ನು ತನ್ನ ಮಗನಿಗೆ ಕೊಡು ಎಂದು ತಂಗಿ ಹಕ್ಕಿನಿಂದ ಕೇಳಬಹುದು. ಅವರು ಮಾರ್ಕಯನ್‌ಕೋಟ್ಟೈಗೆ ಬಂದು, ತಾವು ಹುಟ್ಟಿದ ಮನೆಯ ಹಜಾರದಲ್ಲಿ ಕೂತು, ನನ್ನನ್ನು ಕೇಳಿ ಕರೆದುಕೊಂಡು ಹೋದರು. ಹಾಗಾಗಿ ನಮ್ಮಿಬ್ಬರಿಗೂ ತವರು ಒಂದೇ.

ನನ್ನ ಕನ್ನಡ ಅವರ ಕನ್ನಡದಂತಿಲ್ಲ. ಅಪ್ಪ ಬಾಳೆಕಾಯಿ ವ್ಯಾಪಾರಕ್ಕೆಂದು ಕೆಲವು ವರ್ಷ ಕೊಳ್ಳೇಗಾಲದ ಕಡೆ ಇದ್ದರು. ನಾನು ಹತ್ತನೆಯ ತರಗತಿಯವರೆಗೆ ಅಲ್ಲಿ ಓದಿದೆ. "ಪೊಸ್ತಕದ ಕನ್ನಡ ಮಾತಾಡ್ತಾಳೆ, ಎಲ್ಲಿ ನಿಜ ಹೇಳ್ತಾಳೆ ಎಲ್ಲಿ ಪಾಠ ಒಪ್ಪಿಸ್ತಾಳೆ ಗೊತ್ತಾಗಲ್ಲ" ಎಂದು ಅತ್ತೆ ನನ್ನ ಮೇಲೂ ಒಂದು ಕಣ್ಣಿಟ್ಟಿದ್ದರು.

ಕೊರಿಯಾದ ಸೀರಿಯಲ್ಲುಗಳು ನಮ್ಮ ಮನೆಗೆ ಬಂದದ್ದು ಗೋಡೆಯಾಚೆಯ ಜಯಕ್ಕನ ಮಗಳು ಸುಗನ್ಯಾಳಿಂದ. ಆಗ ಉತ್ತಮಪಾಳ್ಯದಲ್ಲಿ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ರಜೆಯ ಮಧ್ಯಾಹ್ನಗಳಲ್ಲಿ ಬಂದು ನಮ್ಮ ಟಿವಿಗೆ ಅದನ್ನು ಹಚ್ಚುತ್ತಿದ್ದಳು. ಎಲ್ಲವೂ ತಮಿಳು ಡಬ್ಬಿಂಗ್. ಜಯಕ್ಕ ಸೆರಗಿನಲ್ಲಿ ಕಡಲೆಕಾಯಿ ಕಟ್ಟಿಕೊಂಡು ಬರುತ್ತಿದ್ದಳು. ಅತ್ತೆ ಗೋಡೆಗೆ ಒರಗಿ, ಕಾಲು ನೀಡಿ, ಪೊಲೀಸರು ಠಾಣೆಯಲ್ಲಿ ಕೂತಂತೆ ಕೂರುತ್ತಿದ್ದರು.

ಮೊದಲ ದಿನವೇ ಅವರಿಗೆ ಸಂದೇಹ ಹತ್ತಿತು. "ಇವ್ನ ಬಾಯಿ ನೋಡ್ಡೀ. ಬಾಯಿ ಒಂದು ಹೇಳ್ತದೆ, ಮಾತು ಇನ್ನೊಂದು ಬತ್ತದೆ."

"ಅದು ಡಬ್ಬಿಂಗ್ ಅತ್ತೆ. ಅವ್ರ ಭಾಷೆ ಬೇರೆ" ಅಂದಳು ಸುಗನ್ಯಾ.

"ಬಾಯಿ ಮುಚ್ಚಿದ ಮೇಲೂ ಮಾತು ಬತ್ತಾ ಅದೆ. ಇಂಥೋನ್ನ ಹೆಂಗೆ ನಂಬೋದು?"

"ನಂಬ್ಬೇಡಿ, ಸುಮ್ಮ ನೋಡಿ."

"ಏನ ನೋಡೋದು?" ಎಂದು ಸ್ವಲ್ಪ ಯೋಚಿಸಿ ಅವರೇ ದಾರಿ ಕಂಡುಕೊಂಡರು. "ಮೊಗ ಬ್ಯಾಡ. ಕೈ ನೋಡುವ. ಕೈಗೆ ಡಬ್ಬಿಂಗ್ ಇಲ್ಲ."

ಅವತ್ತಿನಿಂದ ಅವರು ಕೈಗಳನ್ನೇ ನೋಡಿದರು. ನಾಯಕನ ಹೆಸರು ಅವರ ನಾಲಿಗೆಗೆ ಎಂದೂ ಹತ್ತಲಿಲ್ಲ. ಮಳೆ ಬಂದಾಗಲೆಲ್ಲ ಎಲ್ಲಿಂದಲೋ ಕೊಡೆ ಹಿಡಿದು ಪ್ರತ್ಯಕ್ಷನಾಗುತ್ತಿದ್ದ ದೊಡ್ಡ ಹೋಟೆಲಿನ ಯಜಮಾನನ ಮಗ ಅವರಿಗೆ "ಕೊಡೆಕಾರ". ಬೇಕರಿಯಲ್ಲಿ ದುಡಿಯುತ್ತಿದ್ದ ನಾಯಕಿ "ಬನ್ನು ಹುಡುಗಿ". ಕೊಡೆಕಾರ ಬಂದೊಡನೆ ಜಯಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡರೆ ಅತ್ತೆ ಕೇಳುತ್ತಿದ್ದರು, "ಇವಳು ನೆನೀತಾ ಅವ್ಳೆ ಅಂತ ಇವ್ನಿಗೆ ಯಾರು ಹೇಳುದ್ರು? ಬೆನ್ನಿಂದೆ ಬತ್ತಾ ಇದ್ನಾ?"

"ಪ್ರೀತಿ ಅತ್ತೆ, ಪ್ರೀತಿ" ಅಂದಳು ಜಯಕ್ಕ.

"ನಿನ್ನ ಬೆನ್ನಿಂದೆ ಬಸ್‌ ಸ್ಟಾಂಡಿಂದ ಒಬ್ಬ ಕೊಡೆ ಹಿಡ್ಕೊಂಡು ಬಂದ್ರೆ ಚಪ್ಲಿ ತೆಗೀತೀಯ. ಇವ್ನಿಗೆ ಮಾತ್ರ ಪ್ರೀತಿಯಾ?"

"ನಂಗೆ ಯಾರು ಬತ್ತಾರೆ ಅತ್ತೆ, ಈ ವಯಸ್ಸಲ್ಲಿ. ಬಂದ್ರೆ ಕೊಡೆ ಕಿತ್ಕೊಂಡು ಕಳಿಸ್ತೀನಿ."

ಸುಗನ್ಯಾ ಫೋನಿನಲ್ಲಿ ಬೇರೆ ನೋಡುಗರು ಬರೆದ ಮಾತುಗಳನ್ನೂ ಓದಿ ಹೇಳುತ್ತಿದ್ದಳು. ಯಾರೋ ಇಡೀ ದಿನ ಅತ್ತರಂತೆ. ಯಾರಿಗೋ ಇಂಥ ಗಂಡನೇ ಬೇಕಂತೆ. ಅತ್ತೆಗೆ ಸೀರಿಯಲ್ಲಿನವರಿಗಿಂತ ಇವರ ಮೇಲೆ ಹೆಚ್ಚು ಗುಮಾನಿ. "ಬರ್ದೋಳು ಯಾರು, ಪಟ ಅದೆಯಾ?"

"ರೋಜಾ ಹೂವಿನ ಪಟ ಹಾಕವ್ಳೆ."

"ಮೊಗ ತೋರ್ಸದೆ ಹೂವ ತೋರ್ಸವ್ಳೆ. ಅವಳು ಹೆಣ್ಣೋ ಗಂಡೋ. ಇಂಥ ಗಂಡ ಬೇಕು ಅಂದೋಳಿಗೆ ಮದುವೆ ಆಗದೆಯಾ ಇಲ್ವಾ, ಕೇಳು."

"ಹೆಂಗೆ ಕೇಳೋದು ಅತ್ತೆ?"

"ಆಗಿದ್ರೆ ಹಿಂಗೆ ಬರೀತಿರ್ಲಿಲ್ಲ" ಎಂದು ಅವರೇ ತೀರ್ಮಾನ ಕೊಟ್ಟರು.

ಕೊಡೆಕಾರ ಸಿಟ್ಟಿನ ಮನುಷ್ಯ. ಕಂತು ಮುಗಿಯುವ ಹೊತ್ತಿಗೆ ಅವನು ಬನ್ನು ಹುಡುಗಿಯ ಮಣಿಕಟ್ಟನ್ನು ಹಿಡಿದು ಎಳೆದುಕೊಂಡು ಹೋಗಿ, ಕಾರಿನ ಪಕ್ಕ ನಿಲ್ಲಿಸಿ, ಮುಖ ಬೇರೆ ಕಡೆ ತಿರುಗಿಸಿ, "ಎನಕ್ಕು ಉನ್ನೈ ಪಿಡಿಚ್ಚಿರುಕ್ಕು" ಅನ್ನುವನು. ನೀನು ನನಗೆ ಇಷ್ಟ ಎಂದು ಅದರ ಅರ್ಥ. ನಮ್ಮ ಮನೆಗಳ ಕನ್ನಡದಲ್ಲಿ ಅದನ್ನು "ಹಿಡ್ದದೆ" ಅನ್ನುತ್ತೇವೆ. ನಂಗೆ ಆ ಸೀರೆ ಹಿಡ್ದದೆ, ಅವನಿಗೆ ಆ ಹುಡುಗಿ ಹಿಡ್ದದೆ. ಕೊಳ್ಳೇಗಾಲದಲ್ಲಿ ಹೀಗೆ ಹೇಳಿ ನಾನು ಎಷ್ಟೋ ಸಲ ನಗೆಗೀಡಾಗಿದ್ದೆ. ಅಲ್ಲಿಯವರಿಗೆ ಹಿಡಿದಿದೆ ಅಂದರೆ ಯಾರೋ ಏನನ್ನೋ ಹಿಡಿದುಕೊಂಡಿದ್ದಾರೆ ಎಂದಷ್ಟೇ ಅರ್ಥ. ಅತ್ತೆಗೆ ಎರಡು ಅರ್ಥವೂ ಒಟ್ಟಿಗೆ ಕೇಳಿಸುತ್ತಿದ್ದವು.

"ಹಿಡ್ದದೆ ಅಂತಾನೆ. ಹಿಡ್ದಿರೋದು ಕಾಣ್ತಾ ಅದಲ್ಲ, ಅದ ಯಾಕೆ ಹೇಳ್ತಾನೆ? ಬಿಡೋದು ಯಾವಾಗ ಅಂತ ಹೇಳ್ಲಿ" ಅನ್ನುತ್ತಿದ್ದರು. ಆಮೇಲೆ ಟಿವಿಯ ಕಡೆ ಬಾಗಿ, "ಕೈ ಬಿಡ್ರಾ" ಎಂದು ಗದರುತ್ತಿದ್ದರು. ಜಯಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಅವರ ಇನ್ನೊಂದು ಅಭ್ಯಾಸ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಇಂಥ ಕತೆಗಳಲ್ಲಿ ನಾಯಕನ ಬಾಲ್ಯ ಆಗಾಗ ಬರುತ್ತದೆ. ಚಿತ್ರ ಸ್ವಲ್ಪ ನೀಲಿಯಾಗುತ್ತದೆ, ಪಿಯಾನೋ ಕೇಳುತ್ತದೆ, ಅಪ್ಪ ಬೆಲ್ಟು ಬಿಚ್ಚುತ್ತಾನೆ, ಹುಡುಗ ಮೂಲೆಯಲ್ಲಿ ಮುದುಡುತ್ತಾನೆ. ಸುಗನ್ಯಾ ಅಳುತ್ತಾ ಫೋನಿನಲ್ಲಿ ಓದುವಳು, "ಎಲ್ಲಾರೂ ಪಾವಂ ಅಂತ ಬರ್ದವ್ರೆ." ಜಯಕ್ಕ ಮೂಗು ಒರೆಸಿಕೊಳ್ಳುವಳು. ನಾನೂ ಅಳುತ್ತಿದ್ದೆ. ಅತ್ತೆ ಮಾತ್ರ ಚಿತ್ರ ನೀಲಿಯಾದ ಕೂಡಲೇ ರಿಮೋಟ್ ಕೇಳಿ ಪಡೆದು ದನಿ ಅಡಗಿಸಿ, ತಮ್ಮ ಕಾಲ ಬೆರಳುಗಳನ್ನು ನೋಡುತ್ತಾ ಕೂರುತ್ತಿದ್ದರು. "ಹಳೇ ಕತೆ ಬಂತು. ಇನ್ನ ಇವ್ನು ಏನ್ ಮಾಡುದ್ರೂ ಒಳ್ಳೆಯೋನು" ಅನ್ನುತ್ತಿದ್ದರು. ಕಲ್ಲು ಮನಸ್ಸು ಎಂದು ನಾನು ಅಂದುಕೊಂಡಿದ್ದೆ.

ನನ್ನ ಗಂಡ ಜೀಪು ಓಡಿಸುತ್ತಾರೆ. ಬೆಳಗಾಗುವ ಮೊದಲೇ ಕೆಲಸದ ಹೆಂಗಸರನ್ನು ತುಂಬಿಕೊಂಡು ಕುಮಳಿ ಘಾಟು ಹತ್ತಿ ಏಲಕ್ಕಿ ತೋಟಗಳಿಗೆ ಬಿಡುವುದು, ಸಂಜೆ ಕರೆತರುವುದು. ಊರಿನಲ್ಲಿ ಒಳ್ಳೆಯ ಹೆಸರು. ಮದುವೆಯ ಚಪ್ಪರದಲ್ಲೇ ನಾಲ್ಕಾರು ಹೆಂಗಸರು ನನ್ನ ಕಿವಿಯಲ್ಲಿ ಹೇಳಿದ್ದರು, "ಪಾವಂ, ಅಪ್ಪನ ಕೈಲಿ ಏಟು ತಿಂದು ಬೆಳ್ದೋನು. ನೀನು ನೋಡ್ಕೋ." ಆಮೇಲೆ ಗಂಡನಿಗೆ ಸಿಟ್ಟು ಬಂದಾಗಲೆಲ್ಲ ನಾನು ಆ ಮಾತನ್ನೇ ನೆನೆದುಕೊಂಡೆ. ಅವರು ಕೆನ್ನೆಗೆ ಹೊಡೆದವರಲ್ಲ. ಬಲಗೈ ಮಣಿಕಟ್ಟನ್ನು ಹಿಡಿದು ತಿರುಚುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ, ನಾನು ತವರಿಗೆ ಫೋನಿನಲ್ಲಿ ಹೆಚ್ಚು ಹೊತ್ತು ಮಾತಾಡಿದರೆ. ಬಿಟ್ಟ ಮೇಲೆ ಅವರ ಕಣ್ಣಲ್ಲೇ ನೀರು ಬರುತ್ತಿತ್ತು. ನಾನೇ ಒರೆಸುತ್ತಿದ್ದೆ. ಗಾಜಿನ ಬಳೆ ಒಡೆದರೆ ಪಕ್ಕದ ಕೋಣೆಗೆ ಕೇಳಿಸುತ್ತದೆಂದು ಬಲಗೈಗೆ ಪ್ಲಾಸ್ಟಿಕ್ ಬಳೆ ಹಾಕಿಕೊಂಡೆ.

ಒಂದು ಮಧ್ಯಾಹ್ನ ಕತೆ ಅದೇ ಜಾಗಕ್ಕೆ ಬಂತು. ನೀಲಿ ಬಾಲ್ಯ ಮುಗಿಯಿತು, ಕೊಡೆಕಾರ ಬೇಕರಿಗೆ ನುಗ್ಗಿ ಹುಡುಗಿಯ ಮಣಿಕಟ್ಟನ್ನು ಹಿಡಿದ. ಅವತ್ತು "ಕೈ ಬಿಡ್ರಾ" ಕೇಳಿಸಲಿಲ್ಲ. ತಿರುಗಿ ನೋಡಿದೆ. ಅತ್ತೆ ಟಿವಿ ನೋಡುತ್ತಿರಲಿಲ್ಲ. ನನ್ನ ಮಡಿಲನ್ನು ನೋಡುತ್ತಿದ್ದರು. ಅಲ್ಲಿ ನನ್ನ ಎಡಗೈ ನನ್ನ ಬಲಗೈ ಮಣಿಕಟ್ಟನ್ನು ಮುಚ್ಚಿಕೊಂಡಿತ್ತು. ಯಾವಾಗ ಹಾಗೆ ಮುಚ್ಚಿಕೊಂಡೆನೋ ನನಗೆ ಗೊತ್ತಿರಲಿಲ್ಲ. ಎಷ್ಟು ದಿನಗಳಿಂದ ಆ ದೃಶ್ಯ ಬಂದಾಗಲೆಲ್ಲ ಹಾಗೆ ಮಾಡುತ್ತಿದ್ದೆನೋ ಅದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

"ಜಯಾ, ನಿಮ್ಮನೆ ಹಾಲು ಉಕ್ಕೋ ವಾಸ್ನೆ ಬತ್ತಾ ಅದೆ, ಹೋಗಿ ನೋಡು" ಎಂದು ಅವರಿಬ್ಬರನ್ನೂ ಎಬ್ಬಿಸಿದರು. ಟಿವಿ ಆರಿಸಿದರು.

"ಬಲಗೈಗೆ ಗಾಜಿನ ಬಳೆ ಯಾಕೆ ಹಾಕಲ್ಲ?"

"ಪಾತ್ರೆ ತೊಳೆಯುವಾಗ ಒಡೆದುಹೋಗುತ್ತೆ ಅತ್ತೆ."

"ಎಡಗೈಗೆ ಹಾಕಿದೀಯಲ್ಲ. ಎಡಗೈ ಪಾತ್ರೆ ಮುಟ್ಟಲ್ವಾ?"

ನಾನು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ಪೊಸ್ತಕದ ಕನ್ನಡ ಬ್ಯಾಡ. ಸುಮ್ಮ ಹೇಳು."

ಅತ್ತುಕೊಂಡು ಹೇಳಿದೆ. ಹೇಳುವಾಗಲೂ ಅವರ ಮಗನ ಪರವಾಗಿಯೇ ಹೇಳಿದೆ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ, ಮಾವ ಅವರಿಗೆ ಚಿಕ್ಕಂದಿನಲ್ಲಿ ಅಷ್ಟು ಹೊಡೆದಿದ್ದಾರಲ್ಲ, ಅದಕ್ಕೇ ಹೀಗೆ, ಪಾವಂ ಅಂದೆ.

ಅತ್ತೆ ಆರಿದ ಟಿವಿಯ ಕಡೆ ಕೈ ತೋರಿದರು. ಆಮೇಲೆ ಕೇಳಿದರು, "ಹಳೇ ಕತೆಲಿ ಕದದ ಹಿಂದೆ ಒಬ್ಳು ನಿಂತಿರ್ತಾಳೆ, ನೋಡಿದೀಯಾ?"

"ಯಾರು ಅತ್ತೆ?"

"ಆ ಹುಡುಗನ ಅವ್ವ. ದಿನಾ ಅಳ್ತೀರಲ್ಲ, ಒಂದಿನವಾದ್ರೂ ಅವಳ್ನ ನೋಡುದ್ರಾ? ಏಟು ಅವಳ್ಗೂ ಬಿದ್ದದೆ. ಮೊದ್ಲು ಅವಳ್ಗೇ ಬಿದ್ದದೆ." ತಮ್ಮ ಬಲಗೈಯನ್ನು ಮುಂದೆ ಚಾಚಿ, ಅದು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. ಮಣಿಕಟ್ಟಿನ ಮೂಳೆ ಒಂದು ಕಡೆ ಉಬ್ಬಿಕೊಂಡಿತ್ತು. ಇಷ್ಟು ವರ್ಷ ಅದನ್ನು ನಾನು ಮುದಿತನ ಅಂದುಕೊಂಡಿದ್ದೆ. "ಅವಳು ಆಮೇಲೆ ಯಾರ ಕೈ ತಿರುಚುದ್ಲು? ಅದ ತೋರ್ಸುದ್ರಾ?"

ಅವತ್ತು ಸಂಜೆ ನನ್ನ ಗಂಡ ಜೀಪು ನಿಲ್ಲಿಸಿ, ಕೈಕಾಲು ತೊಳೆದು, ಉಣ್ಣಲು ಕೂತರು. ಅತ್ತೆ ಎದುರಿಗೆ ಹೋಗಿ ಕೂತು, ತಟ್ಟೆಯ ಮೇಲೆ ಆ ಕೈಯನ್ನು ಚಾಚಿದರು.

"ಹಿಡಿ."

"ಏನವ್ವ ಇದು?"

"ಅವಳ್ನ ಹೆಂಗೆ ಹಿಡೀತೀಯೋ ಹಂಗೇ ಹಿಡಿ. ನಿಮ್ಮಪ್ಪ ಹಿಡೀತಿದ್ದ ಜಾಗ ನಿಂಗೆ ಗೊತ್ತಲ್ಲ."

ಅವರು ನನ್ನ ಕಡೆ ನೋಡಿದರು. "ಅಂಥಾದ್ದು ಏನ್ ಮಾಡ್ಬುಟ್ಟೆ ನಾನು? ನಂಗೆ ಏನೇನ್ ಆಗದೆ ಅಂತ ನಿಂಗೇ ಗೊತ್ತಲ್ಲವ್ವ."

"ಗೊತ್ತು. ನಾನೂ ಅಲ್ಲೇ ಇದ್ದೆ. ಹಿಡಿ."

ಅವರು ಹಿಡಿಯಲಿಲ್ಲ. ಅತ್ತೆ ಕೈ ತೆಗೆಯಲಿಲ್ಲ. ಅನ್ನ ಆರಿತು. ಅವರು ಅಳಲು ಶುರು ಮಾಡಿದರು. ಎಂದಿನಂತೆ ಒರೆಸಲು ನಾನು ಸೆರಗು ಎತ್ತಿದೆ. ಅತ್ತೆ ಮಾತ್ರ ಮಗನ ಮುಖ ನೋಡಲಿಲ್ಲ. ತೊಡೆಯ ಮೇಲೆ ಬಿಗಿದುಕೊಂಡಿದ್ದ ಅವನ ಮುಷ್ಟಿಯನ್ನೇ ನೋಡುತ್ತಿದ್ದರು.

ಮಾರನೆಯ ಬೆಳಗ್ಗೆ ಅತ್ತೆ ಒಂದು ಚೀಲದಲ್ಲಿ ನನ್ನ ಬಟ್ಟೆ, ಇನ್ನೊಂದರಲ್ಲಿ ತಮ್ಮ ಬಟ್ಟೆ ತುಂಬಿ, ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದರು. ಚಿನ್ನಮನೂರಿನಲ್ಲಿ ಇಳಿದು ಮಾರ್ಕಯನ್‌ಕೋಟ್ಟೈಗೆ ಇನ್ನೊಂದು ಬಸ್ಸು. ಗಂಡನ ಮನೆ ಬಿಟ್ಟು ಬಂದ ಸೊಸೆಯ ಜೊತೆ ಅತ್ತೆಯೂ ಬಂದದ್ದನ್ನು ಕಂಡು ನಮ್ಮ ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. "ನಾನೇ ಕೇಳಿ ಕರ್ಕೊಂಡು ಹೋದೋಳು. ನಾನೇ ಕರ್ಕೊಂಡು ಬಂದಿದೀನಿ. ನಾನೂ ಈ ಮನೆ ಹೆಣ್ಣೇ, ಒಳಗೆ ಬಿಡು" ಅಂದರು ಅತ್ತೆ. ಟಿವಿ ಸಣ್ಣದು, ಕೈ ಸರಿಯಾಗಿ ಕಾಣಲ್ಲ ಎಂದು ಅಲ್ಲಿಯೂ ದೂರಿದರು.

ಜಯಕ್ಕ ಫೋನು ಮಾಡಿ, "ಅಣ್ಣ ಪಾವಂ ಅತ್ತೆ, ಹೋಟ್ಲಲ್ಲಿ ಪರೋಟ ತಿಂತಾ ಅವ್ರೆ" ಅನ್ನುವಳು. "ಪರೋಟ ಚೆನ್ನಾಗೇ ಇರ್ತದೆ" ಎಂದು ಅತ್ತೆ ಫೋನು ಇಡುವರು. ನನ್ನ ಗಂಡ ಒಂದು ಮಳೆಯ ದಿನ ಬಂದರು. ನೆನೆದುಕೊಂಡು ಅಂಗಳದಲ್ಲಿ ನಿಂತರು. ಅತ್ತೆ ಕಿಟಕಿಯಿಂದ ನೋಡಿ, "ಕೊಡೆ ತಂದಿಲ್ಲ. ಅಷ್ಟು ಮಟ್ಟಿಗೆ ಪರ್ವಾಗಿಲ್ಲ" ಎಂದು, ಟವೆಲು ಕೊಟ್ಟು, ಹಿಂದಕ್ಕೆ ಕಳಿಸಿದರು. ಇನ್ನೊಮ್ಮೆ ಬಂದರು, ಆಗಲೂ ಕಳಿಸಿದರು. ಕೊನೆಗೆ ಅವರು ಜಗಲಿಯ ಕೆಳಗೇ ನಿಂತು, ಅತ್ತೆಯನ್ನು ಬಿಟ್ಟು ನನ್ನನ್ನು ಕೇಳಿದರು, "ಬತ್ತೀಯಾ?" ಅತ್ತೆ ನನ್ನ ಕಡೆ ತಿರುಗಿ, "ನಿನ್ನ ಇಷ್ಟ. ನೀನು ಹೋದ್ರೆ ನಾನೂ ಬತ್ತೀನಿ" ಅಂದರು.

ಮೂವರೂ ಮರಳಿದೆವು. ಗೂಡಲೂರಿನ ಬಸ್‌ ಸ್ಟಾಂಡಿನಲ್ಲಿ ಇಳಿದೊಡನೆ ಅತ್ತೆ ನನ್ನನ್ನು ಬಳೆ ಅಂಗಡಿಗೆ ಕರೆದುಕೊಂಡು ಹೋದರು. ಪ್ಲಾಸ್ಟಿಕ್ ಬಳೆ ತೆಗೆಸಿ, ಬಲಗೈ ತುಂಬ ಹಸಿರು ಗಾಜಿನ ಬಳೆ ಇಡಿಸಿದರು. "ಒಡೆದ್ರೆ ನಂಗೆ ಕೇಳಿಸ್ಬೇಕು" ಅಂದರು. ತಮ್ಮ ಮಂಚವನ್ನು ಹಜಾರಕ್ಕೆ ತಂದು, ನಮ್ಮ ಕೋಣೆಯ ಬಾಗಿಲ ಪಕ್ಕ ಹಾಕಿಸಿಕೊಂಡರು.

ಅವರ ಕಿವಿ ಆಗಲೇ ಮಂದವಾಗಿತ್ತು. ಕುಕ್ಕರ್ ಕೂಗಿದರೆ ಕೇಳುತ್ತಿರಲಿಲ್ಲ. ಆದರೆ ಒಮ್ಮೆ ನಾನು ಹಿಟ್ಟು ರುಬ್ಬುವಾಗ ಕೈ ಒರಳಿಗೆ ತಾಕಿ ಒಂದು ಬಳೆ ಒಡೆಯಿತು. ಚೂರು ಆಯ್ದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿದರು. ಅಂಗಳದಲ್ಲಿ ಜೀಪು ತೊಳೆಯುತ್ತಿದ್ದ ಮಗನನ್ನು ನೋಡಿದರು. ಅವನ ಅಂಗಿಯ ತೋಳು ಒದ್ದೆಯಾಗಿದೆಯೋ ಇಲ್ಲವೋ ನೋಡಿದರು. ಒರಳಿನ ಅಂಚನ್ನು ಬೆರಳಿಂದ ಸವರಿ, ಅಲ್ಲಿ ಹಸಿರು ಗಾಜಿನ ಕಣ ಸಿಕ್ಕಿದ ಮೇಲೆಯೇ "ನೋಡಿ ರುಬ್ಬು" ಎಂದು ಹೋದರು.

ಅದಾದ ಮೇಲೆ ನನ್ನ ಗಂಡ ನನ್ನ ಕೈ ತಿರುಚಿಲ್ಲ. ಮನಸ್ಸು ಬದಲಾಗಿಯೋ, ಬಾಗಿಲ ಪಕ್ಕ ಮಂಚ ಇತ್ತೆಂದೋ ನನಗೆ ತಿಳಿಯದು. ಅತ್ತೆಗೂ ತಿಳಿದಿರಲಿಲ್ಲ. ಒಮ್ಮೆ ಕೇಳಿದೆ, ನಿಮ್ಮ ಮಗ ಸರಿ ಹೋದರು ಅಲ್ಲವಾ ಎಂದು. "ಇನ್ನ ರವಷ್ಟು ನೋಡುವ" ಅಂದರು, ಇನ್ನೂ ಸ್ವಲ್ಪ ನೋಡೋಣ ಎಂದು. ವರ್ಷಗಳಾದ ಮೇಲೂ ಅದೇ ಮಾತು.

ಕೊನೆಯ ತಿಂಗಳುಗಳಲ್ಲಿ ಅವರಿಗೆ ತಾವಾಗಿ ಏಳಲು ಆಗುತ್ತಿರಲಿಲ್ಲ. ಆಗಲೂ ನನ್ನ ಕೈ ಹಿಡಿದವರಲ್ಲ. ಅಂಗೈಯನ್ನು ಮೇಲೆ ಮಾಡಿ ಚಾಚಿ, ನಾನಾಗಿ ಹಿಡಿಯುವವರೆಗೆ ಕಾಯುತ್ತಿದ್ದರು. "ನಾ ಹಿಡ್ದ್ರೆ ಬಿಗಿ ಆಯ್ತದೆ. ನೀನೇ ಹಿಡಿ" ಅನ್ನುತ್ತಿದ್ದರು. ಮಗನಿಗೂ ಹಾಗೆಯೇ ಚಾಚುತ್ತಿದ್ದರು. ಅವರು ತಾಯಿಯ ಆ ಉಬ್ಬಿದ ಮಣಿಕಟ್ಟನ್ನು ಬಿಟ್ಟು, ಮೊಣಕೈಯ ಕೆಳಗೆ ತಮ್ಮ ಕೈ ಕೊಟ್ಟು ಎಬ್ಬಿಸುತ್ತಿದ್ದರು. ಅತ್ತೆ ಅದನ್ನೂ ಗಮನಿಸಿದ್ದರು. ಹೊಗಳಲಿಲ್ಲ.

ಹದಿನಾರು ಕಳೆದ ಮೇಲೆ ಮಂಚವನ್ನು ಹಜಾರದಿಂದ ತೆಗೆದಿದ್ದಾರೆ. ಹೋದ ಭಾನುವಾರ ಮಧ್ಯಾಹ್ನ ಜಯಕ್ಕ, ಸುಗನ್ಯಾ ಬಂದರು. ನನಗೆ ಹೊತ್ತು ಹೋಗಲಿ ಎಂದು ಹೊಸದೊಂದು ಕತೆ ಹಚ್ಚಿದರು. ತೋಟಕ್ಕೆ ರಜೆ ಇದ್ದುದರಿಂದ ನನ್ನ ಗಂಡನೂ ಬಂದು ಅತ್ತೆ ಒರಗುತ್ತಿದ್ದ ಗೋಡೆಯ ಬಳಿ ಕೂತರು. "ಅಣ್ಣ ಪಾವಂ, ಅವ್ವನೂ ಇಲ್ಲ" ಅಂದಳು ಜಯಕ್ಕ. ಚಿತ್ರ ನೀಲಿಯಾಯಿತು. ನಾನು ಕದದ ಹಿಂದೆ ನಿಂತಿದ್ದವಳನ್ನು ಹುಡುಕಿದೆ. ಇದ್ದಳು. ಆಮೇಲೆ ಈ ಕತೆಯ ನಾಯಕನೂ ಹುಡುಗಿಯ ಮಣಿಕಟ್ಟನ್ನು ಹಿಡಿದ. ಅಲ್ಲಿಂದ ನಾನು ಟಿವಿ ನೋಡಲಿಲ್ಲ. ಗಂಡನ ಮೊಣಕಾಲ ಮೇಲಿದ್ದ ಕೈಯನ್ನು ನೋಡಿದೆ.

ನಾನು ನೋಡುತ್ತಿರುವುದು ಅವರಿಗೆ ತಿಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಆ ಕೈಯನ್ನು ಮೆಲ್ಲಗೆ ಮಗುಚಿ, ಅಂಗೈ ಮೇಲೆ ಮಾಡಿ, ನಮ್ಮಿಬ್ಬರ ನಡುವೆ ನೆಲದ ಮೇಲೆ ಇಟ್ಟರು.

ಅತ್ತೆಯಿಂದ ಕಲಿತದ್ದೋ, ಅತ್ತೆಯನ್ನು ನೋಡಿ ಮಾಡಿದ ನಟನೆಯೋ. ನನ್ನ ಬಲಗೈಯಲ್ಲಿ ಹಸಿರು ಬಳೆಗಳಿದ್ದವು. ನಾನು ಹಿಡಿಯಲಿಲ್ಲ. ಕತೆ ಮುಗಿಯುವವರೆಗೂ ಆ ಕೈ ಹಾಗೆಯೇ ಇತ್ತು. ನಾನು ಇನ್ನ ರವಷ್ಟು ನೋಡುತ್ತಾ ಕೂತೆ.